ಮುಯ್ಯಿ ಕೈಗಳು

ಎಲ್ಲವನ್ನೂ ಅಳಿಸಿದ ಮೇಲೂ ಆರು ಫೋಲ್ಡರುಗಳು ಉಳಿದುಕೊಂಡವು.

ಸಾವಂದಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹೆಸರೆಂದು ಕರೆಯುವಂಥ ಹೆಸರುಗಳೇ ಅಲ್ಲ. ಅಕ್ಷರ ಅಂಕಿಗಳನ್ನು ಒರಳಿಗೆ ಹಾಕಿ ತಿರುವಿದಂತೆ ಉದ್ದುದ್ದದ ಸಾಲುಗಳು. ಒಳಗೇನಿದೆ ಎಂದು ಒತ್ತಿದರೆ ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತಿತ್ತು. ಗಾತ್ರ ಕೇಳಿದರೆ ಸೊನ್ನೆ. ಅಳಿಸು ಎಂದರೆ ಮರುಮಾತಿಲ್ಲದೆ ಮಾಯವಾಗುತ್ತಿದ್ದವು. ಕಂಪ್ಯೂಟರ್ ಆರಿಸಿ ಹಚ್ಚಿದರೆ ಅದೇ ಆರು, ಅದೇ ಜಾಗದಲ್ಲಿ, ಗದರಿಸಿ ಓಡಿಸಿದ ಬೀದಿನಾಯಿಗಳು ಮತ್ತೆ ಅದೇ ಜಗುಲಿಗೆ ಬಂದು ಮಲಗಿದ ಹಾಗೆ.

ರಾಮನಗರದ ಐಜೂರಿನಲ್ಲಿ, ಬಾಗಿಲು ಹಾಕಿದ ರೇಷ್ಮೆ ಬಿಚ್ಚುವ ಘಟಕವೊಂದರ ಮಹಡಿಯಲ್ಲಿ ಗಾರ್ಮೆಂಟ್ಸ್ ಹೆಂಗಸರ ಸಂಘದ ಕಚೇರಿ ಇತ್ತು. ಕೆಳಗೆ ಗೂಡು ಬೇಯಿಸುವುದು ನಿಂತು ಎಷ್ಟೋ ಕಾಲವಾಗಿದ್ದರೂ ಸತ್ತ ಹುಳುವಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಸಾವಂದಮ್ಮ ಸಂಘದ ಕಾರ್ಯದರ್ಶಿ. ಸುವರ್ಣರೇಖಾ ಅಪೇರಲ್ಸ್ ಕಾರ್ಖಾನೆ ಬೀಗ ಹಾಕಿಕೊಂಡು ಬೇರೆ ರಾಜ್ಯಕ್ಕೆ ಹೋಗುವವರೆಗೂ ಅಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದವಳು. ಕಾರ್ಖಾನೆಯ ಹಳೆ ಕಂಪ್ಯೂಟರುಗಳು ಗುಜರಿ ಅಂಗಡಿಗೆ ಬಂದಿವೆ ಎಂದು ಕೇಳಿ, ಸಂಘಕ್ಕೊಂದು ಇರಲಿ ಎಂದು ತಂದಿದ್ದಳು. ಜೊತೆಗೆ ಹೋಗಿದ್ದವಳು ಷಾಕಿರಾ, ಕಾರ್ಖಾನೆಯ ಆರನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಈಗ ಸಂಘದ ಬೀಗದ ಕೈ ಅವಳ ಸೆರಗಿನ ತುದಿಯಲ್ಲಿರುತ್ತದೆ.

‘ಇದೇನ್ ಸಾವಂದಕ್ಕ, ಇನ್ನೂ ಗುಡಿಸ್ತಾನೇ ಇದ್ದೀರಾ?’ ಎಂದಳು ಷಾಕಿರಾ, ಪೊರಕೆ ಗೋಡೆಗೆ ಒರಗಿಸಿ.

‘ಗುಡಿಸಿದ್ದಾಯ್ತು. ಆರು ಕಸ ಕಚ್ಕೊಂಡು ಕುಂತವೆ. ಬಾ ನೋಡು.’

ಷಾಕಿರಾ ಬರಲಿಲ್ಲ. ‘ನಂಗೇನ್ ಗೊತ್ತಾಗುತ್ತೆ ಅದು. ಇರ್ಲಿ ಬುಡಿ, ಇದ್ರೆ ಏನಾಯ್ತು’ ಎಂದು ಮೆಟ್ಟಿಲಿಳಿದಳು.

ಏನಾಯ್ತು ಎಂದು ಬಿಡುವ ಕಾಲ ಅದಾಗಿರಲಿಲ್ಲ. ಸೋಮವಾರ ಕಾರ್ಮಿಕ ನ್ಯಾಯಾಲಯದಲ್ಲಿ ಕೆಂಪಾಜಮ್ಮನ ಕೇಸು ಬರುವುದಿತ್ತು. ಅಂಥ ವಾರದಲ್ಲಿ ಕಾರ್ಖಾನೆಯ ಕಂಪ್ಯೂಟರೊಂದು ಸಂಘದ ಮೇಜಿನ ಮೇಲೆ ಕೂತು, ಯಾರಿಗೂ ತೆರೆಯದ ಆರು ಬಾಗಿಲು ಇಟ್ಟುಕೊಂಡಿದ್ದರೆ ಅದರ ಹಿಂದೆ ಒಂದು ಕಿವಿ ಇರಲೇಬೇಕು. ಸಾವಂದಮ್ಮ ಎದ್ದು ಇಂಟರ್ನೆಟ್ಟಿನ ವೈರು ಕಿತ್ತಳು. ಆಮೇಲೆ, ಇನ್ನೂ ನಂಬಿಕೆಯಾಗದೆ, ಕಂಪ್ಯೂಟರಿನ ಮೇಲೆ ಟವೆಲ್ಲು ಹೊದಿಸಿದಳು.

ಕೆಂಪಾಜಮ್ಮನ ವಿಷಯ ಹೇಳಬೇಕೆಂದರೆ ಗ್ಲೌಸಿನ ವಿಷಯ ಹೇಳಬೇಕು.

ಕಂಪನಿ ಅದಕ್ಕೆ ‘ಹಸ್ತಮಿತ್ರ’ ಎಂದು ಹೆಸರಿಟ್ಟಿತ್ತು. ಹೆಂಗಸರು ಗ್ಲೌಸು ಎಂದೇ ಕರೆದರು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಬಟ್ಟೆ. ನೂಲಿನೊಳಗೆ ಹೆಣೆದ ತಂತಿಗಳು. ಬೆರಳು ಎಷ್ಟು ಮಡಿಯಿತು, ಬಟ್ಟೆಯನ್ನು ಎಷ್ಟು ಒತ್ತಿತು, ಸೂಜಿಯ ಪಕ್ಕದಲ್ಲಿ ಎಷ್ಟು ಹಿಂಜರಿಯಿತು ಎಲ್ಲವನ್ನೂ ಅದು ಲೈನಿನ ತಲೆಯಲ್ಲಿದ್ದ ಕಂಪ್ಯೂಟರಿಗೆ ಕಳಿಸುತ್ತಿತ್ತು. ಬೆರಳ ತುದಿಯಿಂದ ನಾಡಿಯನ್ನೂ ಮೈಯ ಬಿಸಿಯನ್ನೂ ಓದುತ್ತಿತ್ತು. ಹೆಂಗಸರ ಕೈ ನೋಡಿ ಯಂತ್ರಗಳು ಹೊಲಿಯಲು ಕಲಿತವು. ಕಲಿತ ಮೇಲೆ ಹೆಂಗಸರನ್ನು ಮನೆಗೆ ಕಳಿಸಿದರು. ಗುರುವಿನ ಹೆಬ್ಬೆರಳು ಕೇಳಿದ ಶಿಷ್ಯ ಈ ನಾಡಿಗೆ ಹೊಸಬ. ಇವನು ಹತ್ತೂ ಬೆರಳು ಕೇಳಿ ತೆಗೆದುಕೊಂಡ.

ಮುಷ್ಕರಗಳಾದ ಮೇಲೆ ಸರ್ಕಾರ ಹಸ್ತಕೌಶಲ ಕಾಯ್ದೆ ಎಂದು ಒಂದನ್ನು ಮಾಡಿತು. ಸಂಘದಲ್ಲಿ ಭಾನುವಾರದ ಓದು ಇರುತ್ತದೆ; ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಸೊಪ್ಪು ಬಿಡಿಸುತ್ತ ಕೇಳುವುದು, ತಿಳಿಯದಲ್ಲಿ ನಿಲ್ಲಿಸಿ ಜಗಳವಾಡುವುದು. ಕಥೆ ಓದಿದರು, ಚರಿತ್ರೆ ಓದಿದರು. ಕಾಯ್ದೆ ಬಂದ ಬೇಸಿಗೆಯಲ್ಲಿ ಅದನ್ನೇ ಕಲಮು ಕಲಮಾಗಿ ಓದಿ ಮುಗಿಸಿದ್ದರು. ಕೈಯ ದಾಖಲೆ ಕೈಯವರದ್ದು ಎಂದಿತ್ತು ಅದರಲ್ಲಿ. ಮುಂದಿನ ಪುಟದಲ್ಲೇ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಗ್ಲೌಸು ಹಾಕಿದರೆ ಅದು ವಂಚನೆ, ಗ್ಲೌಸಿರುವ ಯಾವ ಕಾರ್ಖಾನೆಯೂ ಅಂಥವರನ್ನು ಸೇರಿಸಿಕೊಳ್ಳುವಂತಿಲ್ಲ ಎಂದೂ ಇತ್ತು. ಕೊಟ್ಟ ಕೈಯೇ ಕಿತ್ತುಕೊಂಡಿತ್ತು.

ಕೆಂಪಾಜಮ್ಮ ಆರನೇ ಲೈನಿನಲ್ಲಿ ಷಾಕಿರಾಳ ಪಕ್ಕದ ಮೆಷಿನ್ನಿನವಳು. ಕಳೆದ ವರ್ಷದ ಬೇಸಿಗೆಯಲ್ಲಿ, ತಗಡಿನ ಮಾಡು ಕಾದ ಬಾಣಲೆಯಂತಾಗಿದ್ದ ಒಂದು ಮಧ್ಯಾಹ್ನ, ಮೆಷಿನ್ನಿನ ಮೇಲೆ ಬಿದ್ದಳು. ಬಿಸಿ ಮೆದುಳಿಗೆ ಹತ್ತಿತ್ತು. ಬದುಕಿದಳು, ಆದರೆ ಮಾತು ಮುದ್ದೆ ಕಟ್ಟಿತು, ಎರಡೂ ಕೈ ಅವತ್ತಿನಿಂದ ನಡುಗುತ್ತಲೇ ಇವೆ. ತಟ್ಟೆಯಿಂದ ಬಾಯಿಗೆ ತುತ್ತು ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಬೀಳುತ್ತದೆ. ಕಾರ್ಖಾನೆಯ ಬಿಸಿಯಿಂದ ಹೀಗಾಯಿತು, ನೀರು ಗಾಳಿ ಕೊಡಲಿಲ್ಲ ಎಂದು ಸಂಘ ಕೇಸು ಹಾಕಿತು. ಕಂಪನಿ ಗ್ಲೌಸಿನ ಗೆರೆಗಳನ್ನು ಮುಂದಿಟ್ಟಿತು. ನೋಡಿ, ಬೀಳುವವರೆಗೂ ಕೆಂಪಾಜಮ್ಮನ ಕೈ ಚೆನ್ನಾಗಿ ಹೊಲಿಯುತ್ತಿತ್ತು, ನಾಡಿ ಸರಿಯಾಗಿತ್ತು, ಮೈ ತಣ್ಣಗಿತ್ತು. ಈಕೆಗೆ ಮೊದಲೇ ಇದ್ದ ಕಾಯಿಲೆ ಇದು, ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದಾಳೆ. ಸೋಮವಾರ ಆ ಗೆರೆಗಳೇ ಗೆದ್ದರೆ ಕೆಂಪಾಜಮ್ಮ ಸುಳ್ಳುಗಾರ್ತಿ ಎಂದು ಬರೆದು ಕೇಸು ಮುಚ್ಚುತ್ತಾರೆ. ಆಮೇಲೆ ಯಾವ ತಗಡಿನ ಮಾಡಿನ ಕೆಳಗೆ ಯಾವ ಹೆಂಗಸು ಬಿದ್ದರೂ ಅದೇ ತೀರ್ಪನ್ನು ತೆಗೆದು ತೋರಿಸುತ್ತಾರೆ.

ಸಂಜೆ ಮನೆಯಲ್ಲಿ ಸಾವಂದಮ್ಮ ಮುದ್ದೆ ತೊಳಸುತ್ತ ಕೋಲನ್ನು ನಿಲ್ಲಿಸಿಬಿಟ್ಟಿದ್ದಳು. ಅವಳ ಗಂಡ ಗಿರಿಯಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು.

‘ಹಿಟ್ಟು ಗಂಟಾಯ್ತದೆ ಕಣೆ’ ಎಂದ.

‘ಅಳಿಸಿದ್ದು ವಾಪಸ್ ಬತ್ತವೆ ಅಂದ್ರೆ ಯಾರೋ ತಂದಿಡ್ತಾವ್ರೆ ಅಂತ ತಾನೆ?’

‘ಮನೇಲಿ ಜಿರಳೆ ಓಡಾಡಿದ್ರೆ ಇಷ್ಟು ತಲೆ ಕೆಡಿಸ್ಕೊಂಡಿದ್ಯಾ ನೀನು?’

‘ಜಿರಳೆ ಕೋರ್ಟಿಗೆ ಬರಲ್ಲ.’

ಗಿರಿಯಪ್ಪ ನಕ್ಕ. ಅವನು ನಕ್ಕಿದ್ದೂ ಅವಳಿಗೆ ಆ ಹೊತ್ತು ಯಾಕೋ ಸರಿ ಕಾಣಲಿಲ್ಲ. ಇವನ ಜೊತೆ ಮೂಟೆ ಹೊರುವ ಇಬ್ಬರು ಕಂಪನಿಯ ಗೋಡೌನಿನಲ್ಲಿದ್ದವರಲ್ಲವೇ ಎಂದು ನೆನಪಾಯಿತು. ಅನುಮಾನ ಅಂದರೆ ಹಾಗೆಯೇ. ಹೊರಗಿನವನ ಕಡೆ ಬೆರಳು ತೋರಿಸಿ ಹೊರಡುತ್ತದೆ, ತಟ್ಟೆ ಮುಂದೆ ಕೂತವನ ಮುಖದ ಮೇಲೆ ನಿಲ್ಲುತ್ತದೆ.

ಮಾರನೆಯ ದಿನ ಕರೆಯದೆಯೇ ತಿಮ್ಮರಾಜು ಬಂದ. ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು, ಈಗಲೂ ಕಂಪನಿಯ ಸಂಬಳದಲ್ಲಿರುವವನು. ಬಿಳಿ ಅಂಗಿ, ಕೈಯಲ್ಲಿ ಸಣ್ಣ ಚೀಲ. ಬಂದವನೇ ಟವೆಲ್ಲಿನ ಕಡೆ ನೋಡಿದ.

‘ಅಕ್ಕ, ಈ ಕಂಪ್ಯೂಟರ್ ತಪ್ಪಿ ಗುಜರಿಗೆ ಹೋಗ್ಬುಟ್ಟೈತೆ. ಒಂದು ಚಿಕ್ಕ ಕೆಲಸ ಬಾಕಿ ಇತ್ತು ಇದ್ರಲ್ಲಿ. ಐದು ನಿಮಿಷ.’

‘ಟೀ ಕುಡೀರಿ ಸಾರ್ ಮೊದ್ಲು’ ಎಂದು ಸಾವಂದಮ್ಮ ಕುರ್ಚಿಯನ್ನು ಮೇಜಿಗೂ ಅವನಿಗೂ ನಡುವೆ ಎಳೆದು ತಾನೇ ಕೂತಳು. ‘ಆ ಚಿಕ್ಕ ಕೆಲಸಕ್ಕೆ ಆರು ಹೆಸರಾ?’

ತಿಮ್ಮರಾಜುವಿನ ಮುಖ ಸಪ್ಪಗಾಯಿತು.

‘ನೋಡಿದ್ರಾ?’

‘ಅಳಿಸಿದೆ. ವಾಪಸ್ ಬಂದ್ವು. ಇದು ನಮ್ಮ ಮೀಟಿಂಗ್ ಕೇಳ್ಸಿಕೊಳ್ಳೋ ಯಂತ್ರನಾ?’

‘ಅಯ್ಯೋ ಇಲ್ಲಕ್ಕ. ನನ್ ಮಕ್ಳಾಣೆ.’

‘ಮಕ್ಳನ್ನ ಬುಡಿ. ಅದೇನು ಹೇಳಿ.’

ಟೀ ತಣ್ಣಗಾಗುವವರೆಗೂ ಅವನು ಹೇಳಲಿಲ್ಲ. ಅವಳು ಏಳಲೂ ಇಲ್ಲ. ಕಡೆಗೆ ಅವನೇ ಮೆಲ್ಲಗೆ ಶುರು ಮಾಡಿದ. ಕಂಪನಿ ಊರು ಬಿಡುವಾಗ ಎಲ್ಲ ಕಂಪ್ಯೂಟರುಗಳನ್ನೂ ಶುಚಿ ಮಾಡಿಸಿತು. ಶುಚಿ ಮಾಡುವ ಪ್ರೋಗ್ರಾಮು ಕಾರ್ಮಿಕರ ನಂಬರು ಹಿಡಿದು ಹೋಗುತ್ತದೆ. ಇಂಥ ನಂಬರಿನವಳ ಕೈ, ಕೆಲಸಕ್ಕೆ ಸೇರುವಾಗಲೇ ಅಳಿಸಲು ಒಪ್ಪಿಗೆ ಕೊಟ್ಟಿದ್ದಾಳೆ, ಅಳಿಸು. ಆದರೆ ಗ್ಲೌಸು ಆಗಾಗ ಕೈಯನ್ನು ಪರೀಕ್ಷಿಸುತ್ತಿರುತ್ತದೆ. ಹಾಕಿದವಳ ಕೈ ಅವಳದ್ದೇ ಹೌದೋ ಎಂದು. ಅಲ್ಲ ಅನಿಸಿದರೆ ಆ ಮೂಲ ದಾಖಲೆಯನ್ನು ಯಾರ ನಂಬರಿಗೂ ಸೇರಿಸದೆ ಬೇರೆ ಇಡುತ್ತದೆ. ‘ಹೊಂದದ ಕೈ’ ಎಂದು ಅದರ ಹೆಸರು. ದಿನದ ವರದಿಯ ಗೆರೆಗಳು ಮಾತ್ರ ಗ್ಲೌಸಿನವಳ ನಂಬರಿನಲ್ಲೇ ಉಳಿಯುತ್ತವೆ.

‘ಯಾರ ಹೆಸರೂ ಇಲ್ಲ ಅಂದ್ರೆ ಯಾರ ಒಪ್ಪಿಗೇನೂ ಇಲ್ಲ. ಕಾಯ್ದೆ ಪ್ರಕಾರ ಬೀಗ ಬಿದ್ದುಬುಡ್ತದೆ. ತೆರೆಯೋಕೂ ಅಳಿಸೋಕೂ ಆ ಕೈನೇ ಗ್ಲೌಸ್ ಹಾಕ್ಕೊಂಡು ಬರ್ಬೇಕು. ನಾವು ಅಳಿಸಿದಂಗೆ ಕಾಣ್ತದೆ, ಹೋಗಲ್ಲ.’

‘ಅಂದ್ರೆ ಆರು ಜನ ಬೇರೆಯವರ ಗ್ಲೌಸ್ ಹಾಕವ್ರೆ. ಯಾರ ಗ್ಲೌಸ್ ಅದು?’

ತಿಮ್ಮರಾಜು ಕಿಟಕಿಯ ಕಡೆ ತಿರುಗಿದ. ‘ಇದು ಆರನೇ ಲೈನಿನ ಕಂಪ್ಯೂಟರಕ್ಕ. ಅದಕ್ಕಿಂತ ಹೆಚ್ಗೆ ನನ್ ಬಾಯಿಂದ ಬೇಡ. ಡಿಸ್ಕ್ ಕಿತ್ಕೊಂಡು ಬಾ ಅಂತ ಇವತ್ತು ನನ್ನ ಕಳಿಸವ್ರೆ. ಸೋಮವಾರ ಬೇರೆಯವರು ಬತ್ತಾರೆ, ಅವರು ಟೀ ಕುಡಿಯಲ್ಲ.’

ಅವನು ಹೋದ ಮೇಲೆ ಸಾವಂದಮ್ಮ ಕಂಪ್ಯೂಟರನ್ನು ಬುಡಮೇಲು ಮಾಡಿ ನೋಡಿದಳು. ತಳದಲ್ಲಿ ಕಿತ್ತು ಹೋದ ಕಾಗದದ ಗುರುತು, ಅರ್ಧ ಉಳಿದ ಒಂದು ಆರು. ಗುಜರಿ ಅಂಗಡಿಯಲ್ಲಿ ಹೊಸದರಂತಿದ್ದ ಎರಡನ್ನು ಬಿಟ್ಟು ಮೂಲೆ ಒಡೆದ ಇದನ್ನೇ ಹಿಡಿದು ‘ಇದೇ ಇರ್ಲಿ ಅಕ್ಕ, ಇದು ಗಟ್ಟಿ’ ಎಂದಿದ್ದು ಷಾಕಿರಾ. ಆಗ ಅವಳ ಮಾತಿಗೆ ನಗು ಬಂದಿತ್ತು. ಈಗ ಆ ಗಟ್ಟಿ ಎಂಬ ಮಾತು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಟಕಟ ಎಂದಿತು.

ಮರುದಿನ ಬೆಳಿಗ್ಗೆ ಟವೆಲ್ಲು ತೆಗೆದು ಹಚ್ಚಿದಾಗ ಫೋಲ್ಡರುಗಳು ಐದೇ ಇದ್ದವು.

ಆರಿಸಿ ಹಚ್ಚಿದಳು. ಐದು. ಹೋದದ್ದು ಹೋಗಿಯೇ ಬಿಟ್ಟಿತ್ತು. ಹಾಗಾದರೆ ಆ ಕೈ ಈ ಕೋಣೆಗೆ ಬಂದಿತ್ತು. ಈ ಕುರ್ಚಿಯಲ್ಲಿ ಕೂತಿತ್ತು. ಕಂಪ್ಯೂಟರಿನ ಜೊತೆ ಗುಜರಿಯವನು ಕೊಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನು ಎಳೆದಳು. ವೈರುಗಳ ನಡುವೆ ಒಂದು ಹಳೆ ಗ್ಲೌಸು ಇತ್ತು. ಮೊನ್ನೆ ನೋಡಿದಾಗ ನೆಟ್ಟಗೆ, ಹೊರಮೈ ಹೊರಗಿದ್ದ ಗ್ಲೌಸು ಈಗ ಒಳಮೈ ಹೊರಗಾಗಿ, ಬೆರಳುಗಳೆಲ್ಲ ಬಿಡಿಸಿಕೊಂಡು ಮಲಗಿತ್ತು.

ಪಾಳಿ ಮುಗಿದಾಗ ಲೈನಿನ ಹೆಂಗಸರು ಮಾಡುತ್ತಿದ್ದುದೇ ಹಾಗೆ. ಬೆವರು ಆರಲಿ ಎಂದು ಗ್ಲೌಸನ್ನು ಒಳಗಿಂದ ತಿರುವಿ, ಬೆರಳಿಗೊಂದು ಸಲ ಊದಿ ಇಡುವುದು. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಮಾಡುತ್ತಿತ್ತು. ತಿಮ್ಮರಾಜುವಿಗೆ ಅದು ಬರುವುದಿಲ್ಲ. ಸಾವಂದಮ್ಮನಿಗೂ ಬರುವುದಿಲ್ಲ.

ಷಾಕಿರಾ ಮಧ್ಯಾಹ್ನ ಡಬ್ಬಿಯಲ್ಲಿ ಶಾವಿಗೆ ತಂದಳು. ತಂಗಿಯ ಮನೆಯಿಂದ ಬಂದದ್ದು ಎಂದಳು. ಸಾವಂದಮ್ಮ ಡಬ್ಬಿಯನ್ನು ಮುಟ್ಟದೆ, ತಿರುವಿದ ಗ್ಲೌಸನ್ನು ಅದರ ಪಕ್ಕದಲ್ಲಿಟ್ಟಳು.

ಷಾಕಿರಾ ಅದರ ಮೇಲಿಂದ ಕಣ್ಣು ತೆಗೆದು ಸೆರಗಿನ ತುದಿ ಹಿಡಿದುಕೊಂಡಳು.

‘ಎಷ್ಟು ಕೊಟ್ರೇ ಅವರು?’ ಸಾವಂದಮ್ಮನ ದನಿ ಅವಳಿಗೇ ಬೇರೆ ಯಾರದ್ದೋ ಅನಿಸಿತು.

‘ಯಾರು?’

‘ಕಂಪನಿಯವರು. ಕೆಂಪಾಜಿ ನಿನ್ ಪಕ್ಕದ ಮೆಷಿನ್ನಿನವಳು. ಒಂದೇ ಡಬ್ಬೀಲಿ ಉಂಡೋರು ನೀವು. ಸಾಕ್ಷಿ ಅಳಿಸೋಕೆ ಎಷ್ಟು ಕೊಟ್ರು ಅಂತ ಕೇಳ್ತಾ ಇದೀನಿ.’

‘ಅಲ್ಲಾ, ಹಂಗನ್ಬೇಡಿ ಅಕ್ಕ’ ಎಂದು ಷಾಕಿರಾ ನೆಲಕ್ಕೆ ಕುಸಿದಳು. ಅಳಲಿಲ್ಲ. ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ನೆಲದ ಮೇಲಿಟ್ಟಳು. ‘ಅದು ಸಾಕ್ಷಿ ಅಂತ ನಂಗೊತ್ತಿಲ್ಲ. ನಾನು ಮಾಡಿದ್ ಪಾಪ ಅಂತ ಮಾತ್ರ ಗೊತ್ತು. ಅದು ಯಾರ ಕಣ್ಣಿಗೂ ಬೀಳ್ಬಾರ್ದು ಅಂತ್ಲೇ ಈ ಕಂಪ್ಯೂಟರ್ ಆರಿಸ್ದೆ; ನಿನ್ನೆ ತಿಮ್ಮರಾಜು ಹೇಳಿದ್ದು ಮೆಟ್ಟಿಲಲ್ಲಿ ಕೇಳಿಸ್ತು, ರಾತ್ರಿ ಬಂದು ಅಳಿಸ್ದೆ.’

ಆಮೇಲೆ ಹೇಳಿದಳು. ಅವತ್ತು ಕೆಂಪಾಜಮ್ಮನಿಗೆ ಊಟದ ಹೊತ್ತಿಗೇ ಕಣ್ಣು ಕತ್ತಲೆ ಬಂದಿತ್ತು. ಡಿಸ್ಪೆನ್ಸರಿಗೆ ಹೋಗುತ್ತೇನೆ ಎಂದರೆ ಟಾರ್ಗೆಟ್ ಮುಗಿಸಿ ಹೋಗು ಎಂದ ಸೂಪರ್‌ವೈಸರ್. ಗ್ಲೌಸು ಸುಮ್ಮನಿದ್ದರೆ ಕಂಪ್ಯೂಟರಿನಲ್ಲಿ ಕೆಂಪು ದೀಪ ಬರುತ್ತದೆ, ಸೈರನ್ ಹೊಡೆಯುತ್ತದೆ, ಅರ್ಧ ದಿನ ಹೋಗುತ್ತದೆ. ಅದಕ್ಕೇ ಲೈನಿನವರು ಅವಳನ್ನು ಮೇಜಿನ ಕೆಳಗೆ, ಕತ್ತರಿಸಿದ ಬಟ್ಟೆಯ ಕಟ್ಟುಗಳ ಮೇಲೆ ಮಲಗಿಸಿದರು. ಅವಳ ಗ್ಲೌಸನ್ನು ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಅವಳ ಕಾಲರ್ ಹೊಲಿದರು.

‘ಮುಯ್ಯಿ ಅಕ್ಕ. ಊರಲ್ಲಿ ಇವತ್ತು ನಿಮ್ ಹೊಲ, ನಾಳೆ ನಮ್ ಹೊಲ ಅಂತ ಕಳೆ ಕೀಳಲ್ವಾ, ಹಂಗೆ. ಲೈನಲ್ಲಿ ಯಾವಾಗ್ಲೂ ಮಾಡ್ತಿದ್ವಿ. ನನ್ ಮಗೂಗೆ ಹಾಲು ಕುಡಿಸೋಕೆ ಹೋದಾಗೆಲ್ಲ ಕೆಂಪಾಜಿ ನನ್ ಗ್ಲೌಸ್ ಹಾಕಿದ್ಲು.’ ಷಾಕಿರಾ ಉಸಿರು ಎಳೆದುಕೊಂಡಳು. ‘ಅವತ್ತು ಮುಯ್ಯಿ ಮಾಡ್ದೇ ಇದ್ದಿದ್ರೆ ಸೈರನ್ ಹೊಡೀತಿತ್ತು. ಯಾರಾದ್ರೂ ಬಂದು ನೋಡ್ತಿದ್ರು. ಅವಳ ಬಿಸಿ ಕಾಣ್ತಿತ್ತು. ನಮ್ ತಣ್ಣನೆ ಕೈ ಹಾಕಿ ನಾವೇ ಮುಚ್ಚಿದ್ವಿ. ನಾವೇ ಅವಳನ್ನ ಹಂಗ್ ಮಾಡಿದ್ವಿ.’

ಕೆಳಗಿನ ಬೀದಿಯಲ್ಲಿ ಯಾರೋ ಗೂಡಿನ ಬುಟ್ಟಿಗಳನ್ನು ಟೆಂಪೋಗೆ ಎಸೆಯುತ್ತಿದ್ದರು. ಸಾವಂದಮ್ಮನಿಗೆ ಮೊದಲು ಬಂದದ್ದು ಸಿಟ್ಟೇ. ಆ ಸಿಟ್ಟು ನೆಲದ ಮೇಲೆ ಕೂತ ಈ ಹೆಂಗಸಿನ ಸುತ್ತ ಒಂದು ಸುತ್ತು ಹಾಕಿತು, ಅಲ್ಲಿ ನಿಲ್ಲಲು ಜಾಗ ಸಿಗದೆ ಬೇರೆ ಕಡೆ ತಿರುಗಿತು.

‘ಸೈರನ್ ಹೊಡೆದ್ರೆ ಯಾರ್ ಬತ್ತಿದ್ರು? ಡಾಕ್ಟ್ರಾ?’

‘ಸೂಪರ್‌ವೈಸರ್.’

‘ಬೇರೆಯವರ ಗ್ಲೌಸ್ ಹಾಕಿದ್ರೆ ಅವನ ಕಂಪ್ಯೂಟರಲ್ಲಿ ಏನೂ ಬತ್ತಿರ್ಲಿಲ್ವಾ?’

‘ಹಳದಿ ಬರ್ತಿತ್ತು.’ ಷಾಕಿರಾ ತಲೆ ಎತ್ತಿದಳು. ‘ಹಳದಿ ಬಂದ್ರೆ ಅವನು ಸುಮ್ನಿರ್ತಿದ್ದ ಅಕ್ಕ. ಕೆಂಪು ಬಂದ್ರೆ ಮಾತ್ರ ಓಡಿ ಬರ್ತಿದ್ದ.’

ಸಾವಂದಮ್ಮ ಶಾವಿಗೆ ಡಬ್ಬಿಯ ಮುಚ್ಚಳ ತೆರೆದು, ಒಂದು ತುತ್ತು ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ಷಾಕಿರಾಳ ಕಡೆ ತಳ್ಳಿದಳು.

‘ಕೇಳು. ಕೆಂಪಾಜಿ ಕೈ ಗ್ಲೌಸಲ್ಲಿಲ್ಲ ಅಂತ ಅವರಿಗೆ ಗೊತ್ತಿತ್ತು. ಯಂತ್ರ ಅವನ ಕಣ್ಣಿಗೆ ಹಿಡ್ದು ತೋರಿಸ್ತು. ಅವಳು ಎಲ್ಲಿ ಹೋದ್ಲು ಅಂತ ಕೇಳೋದು ಬುಟ್ಟು ಕಾಲರ್ ಎಣಿಸ್ಕೊಂಡ. ಈಗ ಅದೇ ನಿಮ್ ಕೈಗಳ ನಾಡಿ ತೆಗೆದು ಅವಳದು ಅಂತ ಕೋರ್ಟಿಗೆ ಕೊಟ್ಟವ್ರೆ. ಪಾಪ ಯಾರ್ದು?’

ಷಾಕಿರಾ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ‘ನಂದು ಹೋಯ್ತಲ್ಲ ಅಕ್ಕ. ಅಳಿಸ್ಬುಟ್ನಲ್ಲ’ ಎಂದಳು.

‘ಉಳಿದವರದ್ದು ಐತೆ. ಕರ್ಕೊಂಡು ಬಾ. ಎಷ್ಟು ಜನ ನೀವು?’

‘ನನ್ನೂ ಸೇರಿಸಿ ಐದು.’

‘ಆರಿದ್ವು.’

‘ಐದೇ ಅಕ್ಕ. ಕುರಾನ್ ಮೇಲೆ ಕೈ ಇಡ್ತೀನಿ.’

ಐದು ಕೈ, ಆರು ಫೋಲ್ಡರ್. ಹೋಗುತ್ತಿದ್ದ ಅನುಮಾನ ಬಾಗಿಲಲ್ಲೇ ನಿಂತು ಮತ್ತೆ ಒಳಗೆ ಬಂತು. ಆ ಆರನೆಯವಳು ಯಾರು? ಸಂಘದ ಮೀಟಿಂಗಿನಲ್ಲಿ ಮುಷ್ಟಿ ಎತ್ತಿ ಕೂಗುವವಳೇ ಯಾರಾದರೂ, ಸೋಮವಾರ ಕಂಪನಿಯ ಕಡೆ ನಿಂತು ‘ಇವರೆಲ್ಲ ಮೋಸಗಾರ್ತಿಯರು’ ಎನ್ನುವುದಕ್ಕೆ ಕಾಯುತ್ತಿದ್ದಾಳೋ?

ವಕೀಲೆ ಸುಗುಣಾ ಫೋನಿನಲ್ಲಿ ಮುಚ್ಚುಮರೆ ಮಾಡಲಿಲ್ಲ. ‘ತೆರೆದು ತೋರಿಸಿದರೆ ಸಾಕ್ಷಿ, ಮುಚ್ಚಿದ್ದರೆ ಅದು ಕಸ. ಆದರೆ ಒಂದು ತಿಳಿದಿರಲಿ. ತೆರೆದವರು ಈ ಕೈ ನನ್ನದು ಎಂದು ಒಪ್ಪಿದ ಹಾಗೆ. ಇನ್ನು ಯಾವ ಗಾರ್ಮೆಂಟ್ಸೂ ಅವರಿಗೆ ಕೆಲಸ ಕೊಡುವುದಿಲ್ಲ. ಹಾಗೆಂದು ಹೇಳಿ, ಆಮೇಲೆ ಕೇಳಿ.’

ಭಾನುವಾರದ ಓದಿಗೆ ನಾಲ್ಕು ಹೆಂಗಸರನ್ನೂ ಷಾಕಿರಾ ಮನೆಮನೆಗೆ ಹೋಗಿ ಕರೆತಂದಳು. ನಾಲ್ವರೂ ಈಗ ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಗ್ಲೌಸು ಹಾಕಿ ಹೊಲಿಯುತ್ತಿದ್ದವರು. ಸಾವಂದಮ್ಮ ಸೊಪ್ಪಿನ ಕಟ್ಟನ್ನು ನಡುವೆ ಇಟ್ಟು, ಕಾಯ್ದೆಯ ಆ ಎರಡು ಪುಟಗಳನ್ನು ಮತ್ತೆ ಗಟ್ಟಿಯಾಗಿ ಓದಿದಳು. ಕೊಟ್ಟದ್ದನ್ನೂ ಓದಿದಳು, ಕಿತ್ತುಕೊಂಡದ್ದನ್ನೂ ಓದಿದಳು. ಯಾರೂ ಸೊಪ್ಪು ಮುಟ್ಟಲಿಲ್ಲ.

ಹೊಂಬಮ್ಮ ಮೊದಲು ಬಾಯಿ ತೆರೆದಳು. ಲೈನಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಬಾಯಿಯೂ ದೊಡ್ಡದು. ‘ಮೂವತ್ತು ವರ್ಸದಿಂದ ನನ್ ದುಡಿಮೇನ ನನ್ ಗಂಡ ತನ್ ಹೆಸರಲ್ಲಿ ಕುಡೀತಾವ್ನೆ. ಅದನ್ನ ಯಾವ ಕಾಯ್ದೇಲೂ ವಂಚನೆ ಅನ್ನಲಿಲ್ಲ. ನಾನು ಕೆಂಪಾಜಿ ಹೆಸರಲ್ಲಿ ನಾಕು ಕಾಲರ್ ಹೊಲಿದ್ರೆ ವಂಚನೆ. ತತ್ತಾರವ್ವ ಆ ಗ್ಲೌಸು.’

ಗ್ಲೌಸು ಹಾಕಿ, ಸಂಘದ ಹಳೆ ಮೆಷಿನ್ನಿಗೆ ಕೂತು ಒಂದು ಕಾಲರ್ ಹೊಲಿದಳು. ಕಂಪ್ಯೂಟರ್ ಆ ಕೈಯನ್ನು ನೋಡಿತು. ಮೊದಲ ಫೋಲ್ಡರು ತೆರೆಯಿತು. ಕೆಂಪಾಜಮ್ಮನ ನಂಬರಿನ ಮೆಷಿನ್ನು, ಆ ಮಧ್ಯಾಹ್ನದ ಹೊತ್ತು, ಹೊಂಬಮ್ಮನ ನಾಡಿ. ಪರದೆಯ ಮೇಲೆ ಎರಡು ಚೌಕ ಮೂಡಿದವು: ಅಳಿಸು, ಉಳಿಸು. ಹೊಂಬಮ್ಮ ಎಡವಟ್ಟಾದೀತೆಂದು ಬೆರಳನ್ನು ಒಮ್ಮೆ ಸೀರೆಗೆ ಒರೆಸಿ ಉಳಿಸು ಒತ್ತಿದಳು. ‘ಹೋಯ್ತು ನೌಕರಿ’ ಎಂದಳು, ಊಟವಾಯಿತು ಎನ್ನುವ ದನಿಯಲ್ಲಿ. ಉಳಿದ ಮೂವರೂ ಒಬ್ಬರಾದ ಮೇಲೊಬ್ಬರು ಕೂತರು. ಒಬ್ಬಳು ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದಳು; ಕಡೆಗೆ ಅವಳೂ ಕೂತಳು.

ನಾಲ್ಕು ತೆರೆದವು. ಒಂದು ಉಳಿಯಿತು.

‘ಇನ್ನೊಬ್ಬಳು ಯಾರು? ಹೇಳ್ಬುಡಿ ಈಗಲೇ’ ಎಂದಳು ಸಾವಂದಮ್ಮ.

‘ಏನ್ ಹಂಗ್ ನೋಡ್ತೀಯೆ, ನಾವ್ ಕದ್ದಿಟ್ಟಿದ್ದೀವಾ?’ ಹೊಂಬಮ್ಮ ರೇಗಿದಳು. ‘ನಾನು, ಆಮೇಲೆ ಇವರು ಮೂರು, ಕಡೆಗೆ ಷಾಕಿರಾ. ಷಾಕಿರಾ ಆದ್ಮೇಲೆ ಕೆಂಪಾಜಿ ಬಿದ್ಲು. ಮುಗೀತು.’

ಷಾಕಿರಾ ಗೋಡೆಗೆ ಒರಗಿ ನಿಂತಿದ್ದಳು. ‘ಬೀಳೋಕೆ ಮುಂಚೆ ಎದ್ಲಲ್ಲ’ ಎಂದಳು ನಿಧಾನವಾಗಿ. ‘ಮೇಜಿನ ಕೆಳಗಿಂದ ಎದ್ದು ಬಂದು, ನನ್ ಕೈ ನಂಗೆ ಕೊಡು ಅಂತ ನನ್ನ ತಳ್ಳಿದ್ಲು. ಗ್ಲೌಸ್ ಕಿತ್ಕೊಂಡು ಹಾಕಿದ್ಲು. ಅರ್ಧ ಕಾಲರ್ ಹೊಲಿದಿದ್ಲು.’

ಅವಳದ್ದೇ ಗ್ಲೌಸು, ಅವಳದ್ದೇ ಕೈ. ಬಿಸಿ ಹತ್ತಿ ನಡುಗುತ್ತಿದ್ದ ಆ ಕೈಯನ್ನು ಮುಟ್ಟಿ ನೋಡಿ ಯಂತ್ರ ಇವಳು ಕೆಂಪಾಜಮ್ಮ ಅಲ್ಲ ಎಂದಿತ್ತು; ಯಾರದ್ದೂ ಅಲ್ಲದ ಕೈಗಳ ಜೊತೆ ಎತ್ತಿ ಇಟ್ಟಿತ್ತು.

ಕೆಂಪಾಜಮ್ಮನ ಮನೆ ಎರಡು ಬೀದಿ ಆಚೆ. ಅವಳ ಅತ್ತೆ ಮಾದಮ್ಮ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. ‘ಇನ್ನೂ ಆ ಕೈಯಿಂದ ಏನ್ ಬೇಕ್ರವ್ವಾ ನಿಮಗೆ? ಕಂಪನಿಯವರು ಹಿಂಡಿದ್ದಾಯ್ತು, ಈಗ ಸಂಘದವರಾ?’

ಒಳಗಿನಿಂದ ಕೆಂಪಾಜಮ್ಮ ಗೋಡೆ ಹಿಡಿದು ಬಂದಳು. ಷಾಕಿರಾ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಮುಯ್ಯಿ, ಹಳದಿ ದೀಪ, ತಾನು ಅಳಿಸಿದ್ದು. ಕೆಂಪಾಜಮ್ಮ ನಡುಗುವ ಕೈಯನ್ನು ಅವಳ ತಲೆಯ ಕಡೆ ಚಾಚಿದಳು. ಅದು ತಲೆ ತಪ್ಪಿ ಭುಜಕ್ಕೆ ಬಡಿಯಿತು. ಅತ್ತೆಯ ಕಡೆ ತಿರುಗಿ ‘ಓ... ಓಯ್ತೀನಿ’ ಎಂದಳು.

ಸಂಘದ ಕೋಣೆಯಲ್ಲಿ ಅವಳಿಗೆ ಗ್ಲೌಸು ಹಾಕಲು ಮೂವರು ಬೇಕಾದರು. ಮೆಷಿನ್ನಿನ ಮುಂದೆ ಕೂತು ಬಟ್ಟೆ ಹಿಡಿದಳು. ಬೆರಳು ಸೂಜಿಗೆ ಸಿಕ್ಕೀತೆಂದು ಮಾದಮ್ಮ ಕಣ್ಣು ಮುಚ್ಚಿಕೊಂಡಳು. ಕಾಲರ್ ಮೇಲೆ ಹೊಲಿಗೆ ಹಾವಿನಂತೆ ಹರಿದಾಡಿತು. ವರ್ಷವಾಗಿದ್ದರೂ ಆ ನಡುಕ ಒಂದು ಎಳೆ ಬದಲಾಗಿರಲಿಲ್ಲ. ಅವತ್ತು ಕೆಂಪಾಜಮ್ಮನನ್ನು ಗುರುತಿಸದ ಯಂತ್ರ ಇವತ್ತು ಗುರುತಿಸಿತು.

ಫೋಲ್ಡರು ತೆರೆಯಿತು. ಗೆರೆಗಳು ಹುಚ್ಚೆದ್ದು ಮೇಲೆ ಹೋಗಿದ್ದವು. ನಾಡಿ ಎಣಿಕೆಗೆ ಸಿಗದಷ್ಟು ಓಡುತ್ತಿತ್ತು. ಮೈಯ ಬಿಸಿ ನಲವತ್ತೊಂದು ದಾಟಿತ್ತು. ಕಂಪನಿ ಕೋರ್ಟಿಗೆ ಕೊಟ್ಟ ಗೆರೆಗಳಲ್ಲಿ ಈ ಕಡೆಯ ತುಂಡು ಇರಲಿಲ್ಲ. ಕೊನೆಯಲ್ಲಿ ಯಂತ್ರ ಬರೆದಿತ್ತು: ಹೊಂದದ ಕೈ. ಕ್ರಮ ಬೇಡ. ಎಣಿಕೆಗೆ ಸೇರಿಸಿ.

ಅದರ ಕೆಳಗೆ ಎರಡು ಚೌಕ ಮೂಡಿದವು. ಅಳಿಸು, ಉಳಿಸು. ಎರಡರ ನಡುವೆ ಒಂದು ಬೆರಳಿನ ಅಗಲವೂ ಇರಲಿಲ್ಲ.

ಕೆಂಪಾಜಮ್ಮ ತೋರುಬೆರಳು ಎತ್ತಿದಳು. ಅದು ಉಳಿಸುವಿನ ಮೇಲೆ ಹೋಗಿ, ಹಿಂದಕ್ಕೆ ಬಂದು, ಅಳಿಸುವಿನ ಮೇಲೆ ತೂಗಿ, ಮತ್ತೆ ಈಚೆಗೆ ಬಂತು. ಷಾಕಿರಾ ತಡೆಯಲಾರದೆ ಮುಂದೆ ನುಗ್ಗಿ ಅವಳ ಮಣಿಕಟ್ಟು ಹಿಡಿಯಲು ಹೋದಳು. ಸಾವಂದಮ್ಮ ಅವಳನ್ನು ಹಿಂದಕ್ಕೆ ಎಳೆದಳು.

‘ಮುಟ್ಬೇಡ. ಇನ್ನೊಂದ್ ಕೈ ಸೇರಿದ್ರೆ ಬೀಗ ಬೀಳ್ತದೆ.’

ಈ ಒಂದು ಕೆಲಸಕ್ಕೆ ಮುಯ್ಯಿ ನಡೆಯುವುದಿಲ್ಲ. ಜೀವಮಾನವಿಡೀ ಒಬ್ಬರ ಕಳೆಯನ್ನು ಇನ್ನೊಬ್ಬರು ಕಿತ್ತು, ಒಬ್ಬರ ಕೂಸಿಗೆ ಇನ್ನೊಬ್ಬರು ಜೋಲಿ ತೂಗಿ ಬದುಕಿದ ಹೆಂಗಸರು ಕೈ ಕಟ್ಟಿಕೊಂಡು ನಿಂತರು. ಅಷ್ಟು ಕಷ್ಟದ ಕೆಲಸ ಅವರು ಯಾವ ಲೈನಿನಲ್ಲೂ ಮಾಡಿರಲಿಲ್ಲ.

ಕೆಂಪಾಜಮ್ಮ ಬೆರಳು ಇಳಿಸಿದಳು. ಪರದೆ ನೋಡುವುದು ಬಿಟ್ಟು ತನ್ನ ಕೈಯನ್ನೇ ನೋಡತೊಡಗಿದಳು. ಅದು ಹೋಗುವುದು, ಬರುವುದು, ಹೋಗುವುದು, ಬರುವುದು. ಹೊಸ ಮೆಷಿನ್ನಿಗೆ ಕೂತ ಟೈಲರು ಮೊದಲು ಖಾಲಿ ತುಳಿದು ಸೂಜಿಯ ಏರಿಳಿತವನ್ನು ಕಿವಿಗೆ ಹಿಡಿಯುತ್ತಾಳಲ್ಲ, ಹಾಗೆ ತನ್ನ ನಡುಕವನ್ನು ಹಿಡಿಯುತ್ತಿದ್ದಳು. ಅವಳ ಪಾದ ಮೆಲ್ಲಗೆ ತಾಳ ಹಾಕಿತು. ಮೊಣಕೈಯನ್ನು ಮೇಜಿನ ಅಂಚಿಗೆ ಒತ್ತಿ ಊರಿದಳು. ಒಂದು ಸಲ ಬಿಟ್ಟಳು. ಎರಡನೇ ಸಲ ಬಿಟ್ಟಳು. ಮುಂದಿನ ಸಲ, ಕೈ ಆ ಕಡೆ ಹೋಗಿ ಈ ಕಡೆ ತಿರುಗುವ ನಡುವಿನ ಕ್ಷಣದಲ್ಲಿ, ಸೂಜಿ ಇಳಿಸಿದಂತೆ ಬೆರಳನ್ನು ಇಳಿಸಿದಳು.

ಉಳಿಸು.

ಹೊ ಹೋ ಎನ್ನಲು ಹೊರಟ ಹೊಂಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೆಟ್ಟಿಲಲ್ಲಿ ಯಾರದ್ದೋ ಹೆಜ್ಜೆ ಕೇಳಿಸಿತು. ತಿಮ್ಮರಾಜು ಬಾಗಿಲವರೆಗೆ ಬಂದು, ಪರದೆಯನ್ನು ನೋಡಿ, ಒಳಗೆ ಬರದೆ ನಿಂತ. ಅವನು ಕಂಪನಿಯ ಕಡೆಯವನಾಗಿ ಬಂದನೋ, ತನ್ನ ಮಕ್ಕಳ ಆಣೆಗೆ ಬಂದನೋ ಸಾವಂದಮ್ಮನಿಗೆ ಗೊತ್ತಾಗಲಿಲ್ಲ. ಅವಳು ಕುರ್ಚಿಯನ್ನು ಎಳೆದು ಅವನಿಗೂ ಮೇಜಿಗೂ ನಡುವೆ ಹಾಕಿಕೊಂಡು ಕೂತಳು. ಷಾಕಿರಾ ಅವತ್ತು ತಾನು ಬಿಚ್ಚಿಟ್ಟಿದ್ದ ಬೀಗದ ಕೈಯನ್ನು ಮೇಜಿನಿಂದ ಎತ್ತಿ ಸೆರಗಿಗೆ ಗಂಟು ಹಾಕಿದಳು. ಇವತ್ತು ಇಲ್ಲಿಂದ ಯಾರೂ ಏಳುವುದಿಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ.

ಕೆಂಪಾಜಮ್ಮ ಗ್ಲೌಸು ಬಿಚ್ಚುತ್ತಿದ್ದಳು. ಮಾದಮ್ಮ ನೆರವಿಗೆ ಬಾಗಿದಾಗ ತಲೆಯಾಡಿಸಿ ಬೇಡ ಎಂದಳು. ಒಂದೊಂದು ಬೆರಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಒಳಮೈ ಹೊರಗಾಗಿ ತಿರುವಿ, ಬೆರಳಿಗೊಂದು ಸಲ ಊದಿ, ಮೆಷಿನ್ನಿನ ಮೇಲೆ ಹರಡಿದಳು. ಪಾಳಿ ಮುಗಿದಾಗ ಮಾಡುತ್ತಿದ್ದಂತೆಯೇ.